ಜೇಬಿನೊಳಗಿನ ಸೋಬಾನೆ

ನಾನು ವ್ಯರ್ಥವನ್ನು ಸಹಿಸದ ಮನುಷ್ಯ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದೆ ನಡೆದ ಅನಾಹುತಕ್ಕೆಲ್ಲ ಈ ಸದ್ಗುಣವೇ ಕಾರಣ. ಹನೂರಿನ ಕಡೆ ಒಂದು ಪಶು ಆಸ್ಪತ್ರೆಯಲ್ಲಿ ನಾನು ಕಾಂಪೌಂಡರು. ಇಪ್ಪತ್ತೆಂಟು ವರ್ಷದಲ್ಲಿ ಒಂದು ತೊಟ್ಟು ಔಷಧಿಯನ್ನು ನೆಲಕ್ಕೆ ಚೆಲ್ಲಿದವನಲ್ಲ. ಕೊಳ್ಳೇಗಾಲದ ನಮ್ಮ ಮನೆಯಲ್ಲಿ ಟೂತ್‌ಪೇಸ್ಟಿನ ಟ್ಯೂಬನ್ನು ಕತ್ತರಿಯಿಂದ ಸೀಳಿ, ಒಳಗೆ ಅಂಟಿಕೊಂಡಿದ್ದನ್ನು ಕೆರೆದು ಹಲ್ಲುಜ್ಜುವ ಅಧಿಕಾರ ನನ್ನೊಬ್ಬನಿಗೇ ಇದೆ. ನನ್ನ ಹೆಂಡತಿ ನಾಗಮಣಿ ಈ ಗುಣಕ್ಕೆ ಬೇರೊಂದು ಹೆಸರಿಟ್ಟಿದ್ದಾಳೆ. ಆ ಹೆಸರು ಇಲ್ಲಿ ಬೇಡ.

ನಾಗಮಣಿಯ ತವರು ಯಳಂದೂರು ತಾಲ್ಲೂಕಿನ ಅಗರ. ಅವಳ ತಾಯಿ, ಅಂದರೆ ನನ್ನ ಅತ್ತೆ ಪುಟ್ಟಮಾದಮ್ಮ, ಆ ಊರಿನಲ್ಲಿ ಸೋಬಾನೆ ಪದಕ್ಕೆ ಹೆಸರಾದವರು. ಮದುವೆ ಮನೆಯಲ್ಲಿ ಎಣ್ಣೆ ಹಚ್ಚಲು ಒಂದು ಪದ, ಅರಿಶಿಣಕ್ಕೆ ಒಂದು, ನೀರು ಹುಯ್ಯಲು ಒಂದು, ಬಳೆ ತೊಡಿಸಲು ಒಂದು, ಹುಡುಗಿಯನ್ನು ಒಪ್ಪಿಸಿಕೊಡಲು ಇನ್ನೊಂದು. ಅತ್ತೆ ಮುಂದಾಗಿ ಒಂದು ಸೊಲ್ಲು, ಅಂದರೆ ಪದದ ಒಂದು ಸಾಲು, ಎತ್ತುತ್ತಾರೆ. ಎದುರು ಕೂತ ಹೆಂಗಸರು ಅದನ್ನು ತಿರುಗಿ ಹೇಳುತ್ತಾರೆ. ಹಾಗೆ ಎದುರು ಹೇಳುವವರಿಗೆ ಮುಂದಾಳು ಪಕ್ಕದ ಮನೆಯ ಚಿಕ್ಕತಾಯಮ್ಮ. ಇಬ್ಬರೂ ನಲವತ್ತು ವರ್ಷದಿಂದ ಹೀಗೆ ಎದುರುಬದುರು ಕೂತವರು. ನಡುವೆ ಒಂದು ಕೋಳಿಯ ವಿಷಯಕ್ಕೆ ಎರಡು ವರ್ಷ ಮಾತು ಬಿಟ್ಟಿದ್ದರಂತೆ. ಪದ ಬಿಟ್ಟಿರಲಿಲ್ಲ!

ಹೋದ ವರ್ಷ ಅತ್ತೆಯ ಗಂಟಲಲ್ಲಿ ಒಂದು ಗಡ್ಡೆ ಕಾಣಿಸಿಕೊಂಡಿತು. ಮೈಸೂರಿನ ಡಾಕ್ಟರು ಕೆಟ್ಟ ಗಡ್ಡೆಯಲ್ಲ, ಆದರೆ ಆಪರೇಷನ್ ಆಗಲೇಬೇಕು ಅಂದರು. ಆಮೇಲೆ ಮೂರು ತಿಂಗಳು ದನಿ ಎತ್ತುವಂತಿಲ್ಲ. ಎತ್ತಿದಾಗ ಹಳೆಯ ದನಿಯೇ ಬರುತ್ತದೆ ಎಂದು ಹೇಳಲೂ ಆಗುವುದಿಲ್ಲ. ಆಪರೇಷನ್ನಿನ ಮೂರನೇ ವಾರಕ್ಕೆ ನನ್ನ ಭಾವಮೈದುನನ ಮಗಳು ಕಾವ್ಯಳ ಮದುವೆ. ಲಗ್ನ ಆಗಲೇ ಗೊತ್ತಾಗಿತ್ತು, ಪತ್ರಿಕೆ ಹಂಚಿಯಾಗಿತ್ತು.

ಕುತ್ತಿಗೆ ಕೊಯ್ಯುತ್ತಾರೆ ಎಂದಾಗ ಅಳದ ಅತ್ತೆ ಇದಕ್ಕೆ ಅತ್ತರು.

"ಊರ್ ಮಕ್ಕಳಿಗೆಲ್ಲ ಪದ ಏಳ್ದೆ ಅಳಿಮಯ್ಯ. ನಮ್ಮನೆ ಕೂಸ್ಗೆ ಏಳಕಾಗ್ದಂಗಾಯ್ತಲ್ಲ" ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

ಚಿಕ್ಕತಾಯಮ್ಮನೇ ಎತ್ತಲಿ ಎಂದರೆ ಆಕೆ ಕೈ ಕೊಡವಿಬಿಟ್ಟರು. "ಮುಂದ್ಲ ಸೊಲ್ಲು ನನ್ಗೆ ಬರಕಿಲ್ಲ ಕಣವ್ವ. ನಾನು ಎದುರು ಏಳೋಳು. ಅವ್ಳು ಎತ್ತಿದ್ರೆ ತಾನೆ ನನ್ ಬಾಯಿ ಬುಡದು?"

ಆಗ ನಾನು ಎದ್ದು ನಿಂತೆ. "ಚಿಂತೆ ಬ್ಯಾಡಿ ಅತ್ತೆ. ಆಪರೇಷನ್‌ಗೂ ಮುಂಚೆ ನಿಮ್ ಪದಾನೆಲ್ಲ ರೆಕಾರ್ಡ್ ಮಾಡ್ಕಂಡ್ಬುಡ್ತೀನಿ. ಮದ್ವೆ ದಿನ ನೀವು ಸುಮ್ನೆ ಕೂತ್ಕಳಿ, ನಿಮ್ ದನಿ ಮೈಕಲ್ಲಿ ಬತ್ತದೆ!"

ಅತ್ತೆಯ ಮುಖ ಅರಳಿತು. ನಾಗಮಣಿ ಮಾತ್ರ ನನ್ನನ್ನು ಅನುಮಾನದಿಂದ ನೋಡಿದಳು. ಮದುವೆಯಾಗಿ ಇಪ್ಪತ್ತಾರು ವರ್ಷವಾದ ಹೆಂಗಸಿನ ಅನುಮಾನ ಅದು.

"ಫೋನಲ್ಲೇ ಮಾಡ್ಕಳಿ ಸಾಕು" ಎಂದಳು ಬಸ್ಸಿನಲ್ಲಿ.

ನಾನು ಒಪ್ಪಲಿಲ್ಲ. ನನ್ನ ಫೋನಿಗೆ ಸುತ್ತಲ ಹತ್ತೂರಿನ ದನಕರುಗಳ ಸಂಪರ್ಕವಿದೆ. ಹೆಂಗಸರು ಕಾವ್ಯಳಿಗೆ ಎಣ್ಣೆ ಹಚ್ಚುತ್ತಿರುವಾಗ, ಮೈಕಿನಲ್ಲಿ ಅತ್ತೆಯ ಪದದ ನಡುವೆ ಲೊಕ್ಕನಹಳ್ಳಿಯ ಯಾರದೋ ಎಮ್ಮೆ ಭೇದಿ ಮಾಡಿಕೊಂಡ ಸುದ್ದಿ ಬರಬಾರದು. ಪದಕ್ಕೆಂದೇ ಬೇರೆ ಯಂತ್ರ ಬೇಕು. ನಾಗಮಣಿ ಕಿಟಕಿಯ ಕಡೆ ತಿರುಗಿ ಕೂತಳು.

ಕೊಳ್ಳೇಗಾಲದ ಒಂದು ಎಲೆಕ್ಟ್ರಾನಿಕ್ ಅಂಗಡಿಯಲ್ಲಿ ಮೇಲಿನ ಹಲಗೆಯಿಂದ ಧೂಳು ಹೊಡೆದು ಒಂದು ಡಬ್ಬಿ ಇಳಿಸಿದರು. ಒಳಗೆ ಬೆಂಕಿಪೊಟ್ಟಣಕ್ಕಿಂತ ತುಸು ಉದ್ದದ ಎಂಪಿತ್ರೀ ಪ್ಲೇಯರ್.

"ಈಗ ಇದ್ನ ಯಾರೂ ತಕಳಲ್ಲ ಸಾ" ಎಂದ ಅಂಗಡಿಯವನು, ಬಹಳ ಪ್ರಾಮಾಣಿಕ ಮನುಷ್ಯ. "ಆದ್ರೆ ಐಟಂ ಚೆನ್ನಾಗದೆ. ಸಾವಿರಾರು ಹಾಡು ಇಡಿಸ್ತದೆ, ಒಂದ್ಸಲ ಚಾರ್ಜ್ ಮಾಡುದ್ರೆ ಎರಡು ದಿನ ಹಾಡ್ತದೆ, ರೆಕಾರ್ಡೂ ಆಯ್ತದೆ. ಫೋನ್ ಬರಕಿಲ್ಲ."

ಈ ಕೊನೆಯ ಗುಣಕ್ಕೆ ನಾನು ಸೋತೆ. ಸದರಿ ಯಂತ್ರಕ್ಕೆ ಕೆಲವು ದೌರ್ಬಲ್ಯಗಳೂ ಇದ್ದವು ಎಂಬುದನ್ನು ನ್ಯಾಯವಾಗಿ ದಾಖಲಿಸಬೇಕು. ಪರದೆ ಹುಣಸೆ ಬೀಜದಷ್ಟಿತ್ತು. ಅದರಲ್ಲಿ ಬರುವ ಇಂಗ್ಲಿಷ್ ಅಕ್ಷರ ಓದಲು ಕನ್ನಡಕದ ಮೇಲೆ ಇನ್ನೊಂದು ಕನ್ನಡಕ ಬೇಕಿತ್ತು. ಹಾಡಿಸಲು, ನಿಲ್ಲಿಸಲು ಇದ್ದದ್ದು ಒಂದೇ ಗುಂಡಿ. ಮೆಲ್ಲಗೆ ಒತ್ತಿದರೆ ಹಾಡುತ್ತದೆ, ಮತ್ತೆ ಒತ್ತಿದರೆ ನಿಲ್ಲುತ್ತದೆ, ಎರಡು ಸಲ ಒತ್ತಿದರೆ ಮುಂದಕ್ಕೆ ಹಾರುತ್ತದೆ, ಮೂರು ಸಲ ಒತ್ತಿದರೆ ಹಿಂದಕ್ಕೆ, ಒತ್ತಿ ಹಿಡಿದರೆ ಆರಿಹೋಗುತ್ತದೆ. ಹಸುವಿನ ನರ ಹುಡುಕಿ ಸೂಜಿ ಚುಚ್ಚುವ ಕೈಗೆ ಇದೇನು ಮಹಾ!

ಅಂದು ಸಂಜೆಯೆಲ್ಲ ಕೂತು ಯಂತ್ರದ ಒಳಗಿನ ಆಯ್ಕೆಗಳನ್ನೆಲ್ಲ ಶೋಧಿಸಿದೆ. ಒಂದು ಕಡೆ ನನ್ನ ಹೃದಯಕ್ಕೆ ಹತ್ತಿರವಾದದ್ದೊಂದು ಸಿಕ್ಕಿತು. ಸದ್ದು ಬಂದಾಗ ಮಾತ್ರ ರೆಕಾರ್ಡ್ ಆಗಿ, ಸದ್ದಿಲ್ಲದಾಗ ತಾನೇ ನಿಂತುಬಿಡುವ ಏರ್ಪಾಡು! ಸದ್ದಿಲ್ಲದ ಹೊತ್ತನ್ನು ಯಾಕೆ ವ್ಯರ್ಥವಾಗಿ ತುಂಬಿಕೊಳ್ಳಬೇಕು? ನನ್ನಂಥ ಮನಸ್ಸಿನವನೇ ಯಾರೋ ಮಾಡಿದ ಯಂತ್ರ ಇದು ಅನ್ನಿಸಿತು. ಆ ಆಯ್ಕೆಯನ್ನು ಒತ್ತಿದೆ. ಮುಂದಿನದೆಲ್ಲ ಈ ಒಂದು ಒತ್ತಿನಿಂದ ಆದದ್ದು.

ಭಾನುವಾರ ಮಧ್ಯಾಹ್ನ ಅಗರದ ಮನೆಯ ಜಗಲಿಯಲ್ಲಿ ಧ್ವನಿಮುದ್ರಣ. ಅತ್ತೆ ತಲೆಗೆ ಎಣ್ಣೆ ಹಾಕಿ ಬಾಚಿ, ಮದುವೆಗೆ ಹೋಗುವವರಂತೆ ಸೀರೆ ಉಟ್ಟು ಕೂತಿದ್ದರು. ಚಿಕ್ಕತಾಯಮ್ಮ ನಾಲ್ಕು ಹೆಂಗಸರನ್ನು ಕಟ್ಟಿಕೊಂಡು ಬಂದರು. ಅವರನ್ನೆಲ್ಲ ನಾನು ವಾಪಸು ಕಳಿಸಿದೆ.

"ಎದುರು ಏಳೋರು ಬ್ಯಾಡ್ವಾ ಅಳಿಮಯ್ಯ?" ಎಂದರು ಅತ್ತೆ ಗಾಬರಿಯಿಂದ.

"ಅವ್ರು ಮದ್ವೆ ದಿನ ಅಲ್ಲೇ ಇರ್ತಾರಲ್ಲ ಅತ್ತೆ, ಅಲ್ಲೇ ಏಳ್ತಾರೆ. ಎರಡೆರಡು ಸಲ ಯಾಕೆ? ನೀವು ಒಂದ್ ಸೊಲ್ಲು ಏಳಿ, ಅವ್ರು ಏಳೋವಷ್ಟು ಹೊತ್ತು ಬುಟ್ಟು, ಆಮೇಲೆ ಮುಂದಿನ್ದು ಏಳಿ."

ಅತ್ತೆ ಹಾಗೆಯೇ ಮಾಡಿದರು. "ಅರಿಸಿನ ಅರೆದೋರು ಯಾರವ್ವ, ಅಂಗೈಯೆಲ್ಲ ಹೊನ್ನಾಯ್ತು" ಎಂದು ಎತ್ತಿ, ನಿಲ್ಲಿಸುವರು. ಅಂಗೈ ತೊಡೆಯ ಮೇಲೆ ಕೇಳಿಸದಷ್ಟು ಮೆಲ್ಲಗೆ ತಾಳ ತಟ್ಟುತ್ತಿತ್ತು. ತುಟಿ ಸದ್ದಿಲ್ಲದೆ ಆಡುತ್ತಿತ್ತು. ಎದುರಿನ ಖಾಲಿ ಚಾಪೆಯನ್ನೇ ನೋಡುತ್ತ, ಅಲ್ಲಿ ಯಾರೋ ಹೇಳಿ ಮುಗಿಸಿದರು ಎಂಬಂತೆ ತಲೆಯಾಡಿಸಿ, ಮುಂದಿನ ಸೊಲ್ಲಿಗೆ ಹೋಗುವರು. ಒಂದು ಸಲವೂ ಆ ಬಿಡುವು ಹೆಚ್ಚಾಗಲಿಲ್ಲ, ಕಡಿಮೆಯಾಗಲಿಲ್ಲ. ಮೂರು ಗಂಟೆ ಹಾಗೆ ಹೇಳಿದರು. ನಡುನಡುವೆ ಅವರ ಹುಂಜ ಕೂಗಿತು. ಬೀದಿಯ ಆಚೆಗಿನ ಹಿಟ್ಟಿನ ಮಿಲ್ಲಿನ ಧೂಳಿಗೆ ನಾನು ಒಂದೆರಡು ಸಲ ಕೆಮ್ಮಿದೆ. ಅವರು ನೀರು ಕುಡಿಯಲು ನಿಂತಾಗ "ಉಂ, ಮುಂದೆ" ಎಂದು ಪ್ರೋತ್ಸಾಹಿಸಿದೆ.

ಕೊನೆಯ ಪದ ಮುಗಿಸಿ ಅತ್ತೆ ಯಂತ್ರವನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದರು. "ಇಷ್ಟ್ರೊಳಗೆ ನಾನಿವ್ನಾ? ಜ್ವಾಪಾನ ಅಳಿಮಯ್ಯ. ನಾಳೀಕೆ ನನ್ ದನಿ ಓದ್ರೆ ಇದೊಂದೆಯಾ" ಎಂದರು. ನಾನು ಯಂತ್ರವನ್ನು ಅಂಗಿಯ ಜೇಬಿಗಿಟ್ಟು ಗುಂಡಿ ಹಾಕಿಕೊಂಡೆ. ದಾರಿಯುದ್ದಕ್ಕೂ ಕೈ ಎದೆಯ ಮೇಲೇ ಇತ್ತು.

ಮನೆಗೆ ಬಂದು ನೋಡಿದರೆ ಮೂರು ಗಂಟೆಯ ಪದ ಒಂದು ಗಂಟೆ ಹತ್ತು ನಿಮಿಷಕ್ಕೆ ಇಳಿದಿತ್ತು! ಹೆಮ್ಮೆಯಿಂದ ನಾಗಮಣಿಗೆ ತೋರಿಸಿದೆ.

"ಮೂರು ಗಂಟೆ ಏಳಿದ್ದು ಒಂದ್ ಗಂಟೆಗೆ ಎಂಗ್ರೀ ಆಯ್ತದೆ?"

"ಅದೇ ಕಣೇ ಡಿಜಿಟಲ್ ಅಂದ್ರೆ!"

ಮಾರನೇ ದಿನ ಹನೂರಿನ ಬಸ್ಸಿನಲ್ಲಿ ಕಿವಿಗೆ ಸಿಕ್ಕಿಸಿಕೊಂಡು ಪರೀಕ್ಷಿಸಿದೆ. ಅತ್ತೆಯ ದನಿ ಗಂಟೆ ಹೊಡೆದ ಹಾಗೆ ಕೇಳಿತು. ಕಾಮಗೆರೆ ಬರುವಷ್ಟರಲ್ಲಿ ನಿದ್ದೆ ಹೋದೆ. ಪರೀಕ್ಷೆ ಮುಗಿಯಿತು.

ಆಪರೇಷನ್ ಚೆನ್ನಾಗಿಯೇ ಆಯಿತು. ಅತ್ತೆ ಕುತ್ತಿಗೆಗೆ ಪಟ್ಟಿ ಸುತ್ತಿಕೊಂಡು, ಕೈಸನ್ನೆಯಲ್ಲೇ ಸೊಸೆಗೆ ಅಡುಗೆ ಹೇಳುತ್ತ, ಕಣ್ಣಲ್ಲೇ ಬೈಯುತ್ತ ಮನೆ ನಡೆಸಿದರು. ನನ್ನನ್ನು ಕಂಡಾಗಲೆಲ್ಲ ಜೇಬು ತೋರಿಸಿ ಹುಬ್ಬೇರಿಸುವರು. ನಾನು ಜೇಬು ತಟ್ಟಿ ತೋರಿಸುತ್ತಿದ್ದೆ. ಅವರು ನಗುತ್ತಿದ್ದರು.

ಅರಿಶಿಣ ಶಾಸ್ತ್ರದ ಬೆಳಿಗ್ಗೆ ಮನೆ ಮುಂದೆ ಚಪ್ಪರ, ಚಪ್ಪರದಡಿ ಮಣೆ, ಮಣೆಯ ಮೇಲೆ ಕಾವ್ಯ. ಎದುರಿಗೆ ಚಾಪೆಯಲ್ಲಿ ಚಿಕ್ಕತಾಯಮ್ಮ ಮತ್ತು ಹತ್ತು ಹದಿನೈದು ಹೆಂಗಸರು. ಅತ್ತೆ ಗೋಡೆಗೊರಗಿ ಕುರ್ಚಿಯ ಮೇಲೆ ಕೂತಿದ್ದರು. ಮೈಕ್‌ಸೆಟ್ಟಿನ ಸಿದ್ದರಾಜು ನನ್ನ ಯಂತ್ರದ ಬಾಲಕ್ಕೆ ವೈರು ಸಿಕ್ಕಿಸಿ, "ಒತ್ತಿ ಸಾ" ಎಂದ. ಒಂದು ಉಪನ್ಯಾಸ ಮಾಡುವ ಆಸೆಯಿತ್ತು. ತಡೆದುಕೊಂಡು ಒತ್ತಿದೆ.

ಅತ್ತೆಯ ದನಿ ಚಪ್ಪರವೆಲ್ಲ ತುಂಬಿತು. ಹೆಂಗಸರ ಕಣ್ಣು ತುಂಬಿಬಂತು. ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡರು. ಮೊದಲ ಸೊಲ್ಲು ಮುಗಿಯಿತು. ಚಿಕ್ಕತಾಯಮ್ಮ ಎದುರು ಹೇಳಲು ಬಾಯಿ ತೆರೆದರು.

ಎರಡನೇ ಸೊಲ್ಲು ಬಂದುಬಿಟ್ಟಿತು!

ಅವರು ಬಾಯಿ ಮುಚ್ಚಿದರು. ಎರಡನೆಯದು ಮುಗಿದಾಗ ಮತ್ತೆ ತೆರೆದರು. ಮೂರನೆಯದು ಬಂತು. ನಾಲ್ಕನೆಯದು. ಐದನೆಯದು. ಕೆಲವರು ಎರಡನೆಯದಕ್ಕೆ ಎದುರು ಹೇಳುತ್ತಿದ್ದರು, ಕೆಲವರು ನಾಲ್ಕನೆಯದಕ್ಕೆ. ಅತ್ತೆ ಎದುರು ಹೇಳುವವರಿಗಾಗಿ ಎಣಿಸಿ ಎಣಿಸಿ ಬಿಟ್ಟಿದ್ದ ಜಾಗವನ್ನೆಲ್ಲ ಯಂತ್ರ ಸದ್ದಿಲ್ಲದ ಹೊತ್ತೆಂದು ತೆಗೆದುಹಾಕಿತ್ತು. ನಾನೇ ತೆಗೆ ಎಂದು ಅಪ್ಪಣೆ ಕೊಟ್ಟಿದ್ದೆ.

"ಏನವ್ವ ಪುಟ್ಟಮಾದಿ, ಬಸ್ಸಿಗೆ ಓಯ್ತಿದ್ದೀಯಾ?" ಎಂದು ಚಿಕ್ಕತಾಯಮ್ಮ ಸ್ಪೀಕರಿನ ಕಡೆ ತಿರುಗಿ ಕೇಳಿದರು.

ನಮ್ಮ ಕಡೆ ಶಾಸ್ತ್ರದಲ್ಲಿ ಕೈ ಪದದ ಹಿಂದೆ ಹೋಗುತ್ತದೆ. ಪದ ಓಡಿತು, ಕೈಗಳೂ ಓಡಿದವು. ಎಣ್ಣೆಯ ಪದ ಚಿಟಿಕೆ ಹೊಡೆಯುವಷ್ಟರಲ್ಲಿ ಮುಗಿಯಿತು. ಅರಿಶಿಣದ ಪದಕ್ಕೆ ನಾಲ್ಕು ಕೈ ಒಟ್ಟಿಗೆ ಬಿದ್ದು ಕಾವ್ಯಳ ಒಂದೇ ಕೆನ್ನೆ ಹಳದಿಯಾಯಿತು. ಅಷ್ಟರಲ್ಲಿ ನೀರಿನ ಪದ ಶುರು! ಅವಳ ಸೋದರತ್ತೆಯೊಬ್ಬರು ಪದಕ್ಕೆ ಮರ್ಯಾದೆ ಕೊಟ್ಟು ಒಂದು ಚೊಂಬು ನೀರು ಸುರಿದೇಬಿಟ್ಟರು. ಬಳೆಯ ಪದ ಬಂದಾಗ ಬಳೆಗಾರ ಇನ್ನೂ ಕಾಫಿ ಕುಡಿಯುತ್ತಿದ್ದ.

ಇದಕ್ಕೆಲ್ಲ ಕಿರೀಟವಿಟ್ಟಂತೆ, ಬಿಡುವಿನ ಹೊತ್ತಿನಲ್ಲಿ ಎಲ್ಲೆಲ್ಲಿ ಸದ್ದಾಗಿತ್ತೋ ಅದನ್ನು ಮಾತ್ರ ಯಂತ್ರ ನಿಷ್ಠೆಯಿಂದ ಉಳಿಸಿಕೊಂಡಿತ್ತು. "ಅಂಗೈಯೆಲ್ಲ ಹೊನ್ನಾಯ್ತು" ಎಂದರೆ ಕೊಕ್ಕೊಕ್ಕೋ! "ತಂಪ್ ನೀರ ಹೊಯ್ಯವ್ವ" ಎಂದರೆ ನನ್ನ ಕೆಮ್ಮು! ಆಮೇಲೆ ಗಂಭೀರವಾಗಿ, "ಉಂ, ಮುಂದೆ." ಅತ್ತೆಗೆ ಎದುರು ಹೇಳಿದವರು ನಾವಿಬ್ಬರೇ, ಹುಂಜ ಮತ್ತು ನಾನು.

ಹುಡುಗಿಯನ್ನು ಒಪ್ಪಿಸಿಕೊಡುವ ಪದ ಬಂದಾಗ ಕಾವ್ಯಳ ತಾಯಿ ಎಲ್ಲಿದ್ದೇವೆಂದು ಮರೆತು ಜೋರಾಗಿ ಅತ್ತುಬಿಟ್ಟರು. ಒಂದು ಕೆನ್ನೆ ಹಳದಿಯಾಗಿ, ತಲೆಯಿಂದ ನೀರು ಸೋರುತ್ತಿದ್ದ ಮದುಮಗಳು, "ಅವ್ವಾ, ನಾನಿನ್ನೂ ಇಲ್ಲೇ ಇವ್ನಿ ಸುಮ್ಕಿರು" ಎಂದು ಸಮಾಧಾನ ಮಾಡಿದಳು.

"ನಿಲ್ಸಿ ಅದ್ನ!" ಎಂದಳು ನಾಗಮಣಿ.

ನಾನು ಸೋಲುವವನಲ್ಲ. ಸೊಲ್ಲು ಮುಗಿದ ಕೂಡಲೆ ಗುಂಡಿ ಒತ್ತಿ ನಿಲ್ಲಿಸಿದರಾಯಿತು, ಎದುರು ಹೇಳಿದ ಮೇಲೆ ಮತ್ತೆ ಒತ್ತಿದರಾಯಿತು! ಪದವನ್ನು ಮೊದಲಿಗೆ ತಂದೆ. ಒಂದು ಸೊಲ್ಲು, ಒತ್ತಿದೆ, ನಿಂತಿತು. ಹೆಂಗಸರು ಎದುರು ಹೇಳಿದರು. ಒತ್ತಿದೆ, ಹಾಡಿತು. ಮೂರು ಸೊಲ್ಲು ಹೀಗೆ ದಾಟಿದೆವು. ನಾನು ಸುತ್ತ ಒಮ್ಮೆ ನೋಡಿದೆ, ಹೇಗಿದೆ ಎಂಬಂತೆ. ಆ ನೋಟದಲ್ಲಿ ಬೆರಳು ಗುಂಡಿಯ ಮೇಲೆ ತುಸು ಹೆಚ್ಚು ಹೊತ್ತು ಉಳಿಯಿತು. ಪರದೆಯ ಮೇಲೆ ಒಂದು ಹೂವು ಅರಳಿ, ಯಂತ್ರ ಆರಿಹೋಯಿತು. ಮತ್ತೆ ಹಚ್ಚಿದರೆ ಮೊದಲ ಸೊಲ್ಲು. ಯಾರೋ ಎಣ್ಣೆ ಬಟ್ಟಲು ದಾಟಿಸು ಎಂದು ಕೈಗೆ ಕೊಟ್ಟರು, ಬೆರಳು ಜಾರಿ ಎರಡು ಸಲ ಬಿತ್ತು. ಪದ ಎಲ್ಲಿಗೋ ಹಾರಿತು. ತಿರುಗಿ ತಂದೆ. ಮತ್ತೆ ಮೊದಲ ಸೊಲ್ಲು.

"ಈ ಕೂಸ್ಗೆ ಎಷ್ಟ್ ಮದ್ವೆ ಮಾಡೀರಿ ಅಳಿಮಯ್ಯ?" ಎಂದರು ಚಿಕ್ಕತಾಯಮ್ಮ.

ಚಪ್ಪರವೆಲ್ಲ ನಕ್ಕಿತು. ನಾನು ಮಾತ್ರ ಅತ್ತೆಯ ಕಡೆ ನೋಡಿದೆ. ಅವರು ನಗುತ್ತಿರಲಿಲ್ಲ. ಮೂರು ವಾರದಿಂದ ನನ್ನ ಜೇಬನ್ನು ನೋಡಿ ನಕ್ಕಿದ್ದ ಮುಖ ಸಣ್ಣದಾಗಿತ್ತು. ನನಗೆ ಅಲ್ಲೇ ಭೂಮಿಗಿಳಿದುಹೋದರೆ ಸಾಕು ಅನ್ನಿಸಿತು.

ಅತ್ತೆ ಕುರ್ಚಿಯಿಂದ ಎದ್ದರು. ನನ್ನ ಹತ್ತಿರ ಬಂದು, ಯಂತ್ರವನ್ನು ತೆಗೆದು ನನ್ನ ಜೇಬಿಗೇ ಹಾಕಿ, ಗುಂಡಿ ಹಾಕಿದರು. ಆಮೇಲೆ ಚಿಕ್ಕತಾಯಮ್ಮನ ಎದುರಿಗೆ, ನಲವತ್ತು ವರ್ಷದಿಂದ ಕೂರುತ್ತಿದ್ದ ಜಾಗದಲ್ಲಿ, ಮೆಲ್ಲಗೆ ಕೂತರು.

"ಅವ್ವಾ ಬ್ಯಾಡ, ಡಾಕ್ಟ್ರು ಏನೇಳವ್ರೆ?" ಎಂದು ನಾಗಮಣಿ ಮುಂದೆ ಬಂದಳು. ಅತ್ತೆ ಕೈಯೆತ್ತಿ ತಡೆದರು. ಅಂಗೈಯಿಂದ ತೊಡೆ ತಟ್ಟಲು ಶುರು ಮಾಡಿದರು. ತುಟಿ ಆಡಿತು. ದನಿ ಬರಲಿಲ್ಲ, ಒಂದು ಉಸಿರೂ ಕೇಳಲಿಲ್ಲ. ಒಂದು ಸೊಲ್ಲಿನಷ್ಟು ಹೊತ್ತು ಚಪ್ಪರದಲ್ಲಿ ತೊಡೆ ತಟ್ಟುವ ಸದ್ದು ಬಿಟ್ಟರೆ ಏನೂ ಇರಲಿಲ್ಲ.

ಅತ್ತೆ ನಿಲ್ಲಿಸಿ, ಗದ್ದ ಎತ್ತಿದರು.

ಚಿಕ್ಕತಾಯಮ್ಮ ಎದುರು ಹೇಳಿದರು. ಸರಿಯಾಗಿ ಆ ಸೊಲ್ಲನ್ನೇ, ಸರಿಯಾಗಿ ಆ ಹೊತ್ತಿಗೇ. ಹಿಂದೆಯೇ ಎಲ್ಲ ಹೆಂಗಸರೂ. ಅವರು ಮುಗಿಸಿ ಸುಮ್ಮನಾದರು. ಅತ್ತೆಯ ತುಟಿ ಮತ್ತೆ ಆಡಿತು. ಅಷ್ಟು ಜನ ಉಸಿರು ಹಿಡಿದು ಆ ಇಲ್ಲದ ಸೊಲ್ಲನ್ನು ಕೇಳಿಸಿಕೊಂಡರು. ಮುಂದಿನ ಸೊಲ್ಲು ಅವರಲ್ಲಿ ಯಾರಿಗೆ ಗೊತ್ತಿರಲಿಲ್ಲ? ಬರಕಿಲ್ಲ ಎಂದು ಕೈ ಕೊಡವಿದ್ದ ಚಿಕ್ಕತಾಯಮ್ಮನಿಗೂ ಗೊತ್ತಿತ್ತು. ಆದರೂ ಒಬ್ಬರೂ ಅದನ್ನು ಬಾಯಿ ಬಿಟ್ಟು ಹೇಳಲಿಲ್ಲ. ಆ ಜಾಗ ಅತ್ತೆಯದು. ಎಣ್ಣೆ, ಅರಿಶಿಣ, ನೀರು, ಬಳೆ, ಎಲ್ಲವೂ ಹಾಗೆಯೇ ನಿಧಾನವಾಗಿ ಆಯಿತು. ಕಾವ್ಯ ಅಜ್ಜಿಯ ತುಟಿಯನ್ನೇ ನೋಡುತ್ತ ಅತ್ತಳು. ಈ ಸಲ ಅಳಬೇಕಾದ ಕಡೆಯೇ.

ನಾನೂ ಅತ್ತುಬಿಟ್ಟೆ. ವ್ಯರ್ಥ ಎಂದು ನಾನು ಕತ್ತರಿಸಿ ಎಸೆದಿದ್ದು ಇದನ್ನು! ಎಣ್ಣೆ ಬಟ್ಟಲನ್ನೂ ಅರಿಶಿಣದ ತಟ್ಟೆಯನ್ನೂ ದಾಟಿಸಿದ ಕೈಯಲ್ಲೇ ಕಣ್ಣೊರೆಸಿಕೊಂಡೆ. ಅಂದಿನ ಫೋಟೋಗಳಲ್ಲಿ ಮದುಮಗಳಿಗಿಂತ ಹೆಚ್ಚು ಹಳದಿಯಾಗಿರುವ ಗಂಡಸು ಯಾರೆಂದು ಬೀಗರು ಇಂದಿಗೂ ವಿಚಾರಿಸುತ್ತಾರೆ.

ಮೂರು ತಿಂಗಳು ಕಳೆಯಿತು. ಅತ್ತೆಗೆ ದನಿ ಬಂತು. ಆದರೆ ತಗ್ಗಿನ ದನಿ. ಮಾತಿಗೆ ಸಾಕು, ಪದಕ್ಕೆ ಸಾಲದು. ಡಾಕ್ಟರು ಇನ್ನು ಇಷ್ಟೇ ಎಂದರು. ಅತ್ತೆ ಆ ತಗ್ಗಿನ ದನಿಯಲ್ಲಿ ನನ್ನನ್ನು ಕೇಳಿದ ಮೊದಲ ಮಾತು: "ಡಬ್ಬಿ ಅದ್ಯಾ ಅಳಿಮಯ್ಯ?"

ಇತ್ತು. ಹುಂಜ, ಕೆಮ್ಮು ಸಮೇತ ಇತ್ತು.

ಈಗ ಭಾನುವಾರ ಬಂತೆಂದರೆ ನಾನು ಅಗರದಲ್ಲಿರುತ್ತೇನೆ. ಜಗಲಿಯ ಒಂದು ಕಡೆ ಅತ್ತೆ, ಎದುರಿಗೆ ಚಿಕ್ಕತಾಯಮ್ಮ, ನಡುವೆ ಎರಡು ಕನ್ನಡಕ ಹಾಕಿಕೊಂಡ ನಾನು. ಅತ್ತೆಯ ಹಳೆಯ ದನಿ ಒಂದು ಸೊಲ್ಲು ಹೇಳುತ್ತದೆ. ನಾನು ಒತ್ತಿ ನಿಲ್ಲಿಸುತ್ತೇನೆ. ಚಿಕ್ಕತಾಯಮ್ಮ ಎದುರು ಹೇಳುತ್ತಾರೆ. ನಾನು ಮತ್ತೆ ಒತ್ತುತ್ತೇನೆ. ಅತ್ತೆ ಕಣ್ಣು ಮುಚ್ಚಿ ತೊಡೆ ತಟ್ಟುತ್ತಾರೆ. ಸರಿಯಾಗಿ ಒತ್ತದಿದ್ದರೆ ಆ ಕೈಯೇ ನನ್ನ ಮೊಣಕಾಲಿನ ಮೇಲೆ ಬೀಳುತ್ತದೆ. ನಾಗಮಣಿ ಕಾಫಿ ತಂದಿಟ್ಟು, "ಅಂತೂ ನಮ್ಮನೆಯೋರು ಒಂದ್ ಕೆಲ್ಸಕ್ಕೆ ಬಂದ್ರು" ಎಂದು ಒಳಗೆ ಹೋಗುತ್ತಾಳೆ.

ನೀರಿನ ಪದದಲ್ಲಿ ನನ್ನ ಕೆಮ್ಮು ಬರುವ ಜಾಗವನ್ನು ಅಳಿಸಿಬಿಡುತ್ತೇನೆ ಎಂದು ಒಂದು ಸಲ ಹೇಳಿ ನೋಡಿದೆ. ಅತ್ತೆ ಬಿಡಲಿಲ್ಲ. ಇನ್ನು ಯಾವುದನ್ನೂ ತೆಗೆಯುವ ಅಧಿಕಾರ ನನಗಿಲ್ಲವಂತೆ. ಅದು ಉಳಿದುಕೊಂಡದ್ದೇನೋ ಸರಿ, ಆದರೆ ಹೋದ ತಿಂಗಳಿಂದ ಯಂತ್ರ ಮುದಿಯಾಗಿ ಸರಿಯಾಗಿ ಆ ಜಾಗದಲ್ಲಿ ಮಾತ್ರ ತಡವರಿಸಿ, ಕೆಮ್ಮನ್ನು ನುಂಗಿಬಿಡತೊಡಗಿದೆ. ಆ ಸೊಲ್ಲು ಬಂದಾಗ ಚಿಕ್ಕತಾಯಮ್ಮ ಎದುರು ಹೇಳುವುದಿಲ್ಲ. ಬಾಯಿ ಮುಚ್ಚಿಕೊಂಡು ನನ್ನ ಕಡೆ ನೋಡುತ್ತಾರೆ.

"ಅದು ನಿಮ್ಮ ಜಾಗ ಕಣಪ್ಪ" ಎನ್ನುತ್ತಾರೆ ಅತ್ತೆ, ಕಣ್ಣು ತೆರೆಯದೆಯೇ.

ನಾನು ಕೆಮ್ಮುತ್ತೇನೆ.